ನರ್ಸಕ್ಕ ಕಟ್ಟಿಕೊಟ್ಟ ಕುಳ್ಳ ಮಂತ್ರವಾದಿ

ನರ್ಸಕ್ಕನ ಎದೆಯ ಮೇಲೆ ಒಂದು ಗಡಿಯಾರ ತಲೆಕೆಳಗಾಗಿ ನೇತಾಡುತ್ತಿತ್ತು. ಮಸ್ಕತ್ತಿನ ಆಸ್ಪತ್ರೆಯಲ್ಲಿ ರೋಗಿಗಳ ನಾಡಿ ಎಣಿಸಲು ಕೊಟ್ಟದ್ದು. ನಿವೃತ್ತರಾಗಿ ಊರಿಗೆ ಬಂದ ಮೇಲೂ ಅದು ಅಲ್ಲಿಂದ ಇಳಿಯಲಿಲ್ಲ. ಬೆಳಿಗ್ಗೆ ನೈಟಿಗೆ, ಮಧ್ಯಾಹ್ನ ಸೀರೆಗೆ, ಮಳೆ ಬಂದರೆ ರೈನ್‌ಕೋಟಿಗೆ ಅದನ್ನು ಪಿನ್ನಿನಿಂದ ಸಿಕ್ಕಿಸಿಕೊಂಡೇ ತಿರುಗುತ್ತಿದ್ದರು. ಎದುರು ಕೂತವನಿಗೆ ಅದರಲ್ಲಿ ಹೊತ್ತು ತಿಳಿಯುತ್ತಿರಲಿಲ್ಲ. ತಿಳಿಯಬೇಕಾದದ್ದು ಅವರೊಬ್ಬರಿಗೇ ಎಂಬ ಹಾಗೆ ಅದು ಅವರ ಕಡೆಗೇ ಮುಖ ಮಾಡಿಕೊಂಡಿತ್ತು.

ಗುರುವಾಯನಕೆರೆಯಲ್ಲಿ, ಅವರ ಅಣ್ಣನ ಮಗನ ಹಾರ್ಡ್‌ವೇರ್ ಅಂಗಡಿಯ ಮೇಲೆ ಅವರ ಮನೆ. ಮೊದಲ ಸಲ ದಾಳದ ಆಟವೊಂದಕ್ಕೆಂದು ಆ ಮೆಟ್ಟಿಲು ಹತ್ತುವಾಗ ಆಗಬಹುದಾದ ಅನಾಹುತಗಳನ್ನೆಲ್ಲ ನಾನು ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿದ್ದೆ. ದಾಳ ಉರುಳುವ ಸದ್ದು ಕೇಳಿ ಯಾರಾದರೂ ಮಟ್ಕಾ ಎಂದು ಪೊಲೀಸರಿಗೆ ಹೇಳಬಹುದು. ಪೊಲೀಸರು ಬಂದಾಗ ಓಡಲು ಹೋಗಿ ನಾನು ಇದೇ ಮೆಟ್ಟಿಲಿನಲ್ಲಿ ಬೀಳಬಹುದು. ಜೂಜಾಡುವಾಗ ಮುರಿದ ಮೊಣಕಾಲಿಗೆ ನಮ್ಮಲ್ಲಿ ದುಡ್ಡಿಲ್ಲ ಎಂದು ವಿಮೆಯವರು ಹೇಳಬಹುದು. ಐವತ್ತರ ಹತ್ತಿರದ ಗಂಡಸು ಪ್ರತಿ ಭಾನುವಾರ ಮಧ್ಯಾಹ್ನ ಒಂಟಿ ಹೆಂಗಸಿನ ಮನೆಗೆ ಹೋಗುವುದು ಯಾಕೆ ಎಂದು ಕೆಳಗೆ ಮೊಳೆ ತೂಗುವವರು ಯೋಚಿಸಬಹುದು. ಆಟ ನನಗೆ ಅರ್ಥವಾಗದಿರಬಹುದು. ಅರ್ಥವಾದರೆ ಹುಚ್ಚು ಹಿಡಿದು ನನ್ನ ಅಂಗಡಿ ಮುಚ್ಚಬೇಕಾಗಬಹುದು. ಅವರು ಕೊಡುವ ಚಾಕ್ಕೆ ಏಲಕ್ಕಿ ಹಾಕಿರಬಹುದು. ನನಗೆ ಏಲಕ್ಕಿ ಆಗುವುದಿಲ್ಲ.

ಇದರಲ್ಲಿ ಒಂದೂ ಆಗಲಿಲ್ಲ. ಚಾ ಕೂಡ ಶುಂಠಿಯದ್ದೇ. ಆದದ್ದು ಒಂದೇ, ಅದೂ ಚಿಕ್ಕದು: ಒಂದು ದಿನ ಬಸ್ಸಿನಲ್ಲಿ ನಾನು ಅವರೊಡನೆ ಫೋನಿನಲ್ಲಿ ಸ್ವಲ್ಪ ಗಟ್ಟಿಯಾಗಿ ಮಾತಾಡಿದೆ.

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅವರು ನನಗೆ ಸಿಕ್ಕಿದ್ದು ಹೇಗೆಂದು ಹೇಳಬೇಕು.

ನನ್ನದು ಬಂಟ್ವಾಳದಲ್ಲಿ ಕನ್ನಡಕದ ಅಂಗಡಿ. ಒಂದು ಬೆಳಿಗ್ಗೆ ಅವರು ಬಂದು, ನಾನು ಓದಲು ಕೊಟ್ಟ ಅಕ್ಷರದ ಕಾರ್ಡನ್ನು ಬದಿಗೆ ಸರಿಸಿ, ಪರ್ಸಿನಿಂದ ಏನೋ ತೆಗೆದು ಗಾಜಿನ ಮೇಲೆ ಉರುಳಿಸಿದರು. ಗೋಲಿಗಿಂತ ಸ್ವಲ್ಪ ದೊಡ್ಡದು, ಹಸಿರು ಬಣ್ಣ, ಇಪ್ಪತ್ತು ಮುಖ, ಮುಖಕ್ಕೊಂದು ಸಾಸಿವೆಯಷ್ಟು ಚಿಕ್ಕ ಅಂಕೆ.

"ಇದು ಓದ್ಲಿಕ್ಕೆ ಆಗ್ಬೇಕು ನನಗೆ. ಪೇಪರ್ ಓದ್ಲಿಕ್ಕೆ ಆಗದಿದ್ರೂ ಅಡ್ಡಿಲ್ಲ."

"ಇದೆಂತ ಮೇಡಂ?"

"ದಾಳ. ಮೇಡಂ ಅಲ್ಲ, ನರ್ಸ್."

ಊರೆಲ್ಲ ಅವರನ್ನು ನರ್ಸಕ್ಕ ಎನ್ನುತ್ತದೆಂದು ಆಮೇಲೆ ತಿಳಿಯಿತು. ಕಣ್ಣಿಗೆ ಮಸೂರ ಬದಲಿಸುತ್ತಾ ಇರುವಾಗ ಅವರು ವಿವರಿಸಿದ್ದನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಕೆಲವರು ಮೇಜಿನ ಸುತ್ತ ಕೂರುವುದು. ಒಬ್ಬರು ಕತೆ ನಡೆಸುವುದು. ಕಾಡು, ಕೋಟೆ, ದೈತ್ಯ, ನಿಧಿ ಎಲ್ಲ ಅವರ ಬಾಯಿಂದ. ಉಳಿದವರು ತಲಾ ಒಂದು ಪಾತ್ರ ಕಟ್ಟಿಕೊಂಡು ಆ ಕತೆಯ ಒಳಗೆ ಹೋಗಿ, ನಾನು ಬಾಗಿಲು ಒಡೀತೇನೆ, ನಾನು ಓಡಿಹೋಗ್ತೇನೆ ಎಂದೆಲ್ಲ ಹೇಳುವುದು. ಹಾಗೆ ಆಯಿತೋ ಇಲ್ಲವೋ ಎಂದು ತೀರ್ಮಾನಿಸುವುದು ದಾಳ. ಇವರು ಇದನ್ನು ಕಲಿತದ್ದು ಮಸ್ಕತ್ತಿನ ನರ್ಸುಗಳ ಕ್ವಾರ್ಟರ್ಸಿನಲ್ಲಿ, ಶುಕ್ರವಾರದ ರಜೆಗಳಲ್ಲಿ, ಫಿಲಿಪ್ಪೀನಿನ ಹುಡುಗಿಯರ ಜೊತೆ. ಇಲ್ಲಿಗೆ ಬಂದ ಮೇಲೆ ಭಾನುವಾರಕ್ಕೆ ಬದಲಿಸಿಕೊಂಡಿದ್ದರು.

"ಅದರಲ್ಲಿ ಯಾರನ್ನಾದ್ರೂ ಕೊಲ್ಲಬಹುದಾ?" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಅವರು ಪರೀಕ್ಷೆಯ ದಪ್ಪ ಫ್ರೇಮಿನೊಳಗಿಂದ ನನ್ನನ್ನು ನೋಡಿದರು. ಆಮೇಲೆ, ಕೇಳದೆಯೇ, ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಕಣ್ಣು ಎದೆಯ ಗಡಿಯಾರದ ಮೇಲೆ.

"ಯಾರನ್ನು?" ಎಂದರು.

ನನ್ನ ಭಾವನನ್ನು. ಅಂದರೆ ಹೆಂಡತಿಯ ಅಣ್ಣನನ್ನು. ಅವನೂ ನನ್ನನ್ನು ಭಾವ ಎಂದೇ ಕರೆಯುವುದು. ಅವನ ಎದುರಿಗೆ ‘ನೀವು’ ಎನ್ನುತ್ತೇನೆ, ಮನಸ್ಸಿನಲ್ಲಿ ‘ಅವನು’. ಇಲ್ಲಿ ಬರೆಯುವುದು ಮನಸ್ಸಿನದ್ದನ್ನೇ. ಮನೆ ನಾರಾವಿಯಲ್ಲಿ, ಮಣ್ಣು ತೆಗೆಯುವ ಮೆಷಿನುಗಳನ್ನು ಬಾಡಿಗೆಗೆ ಬಿಡುವುದು ಅವನ ಕೆಲಸ. ಎತ್ತರ ಎಷ್ಟೆಂದರೆ, ನಮ್ಮ ಮನೆಗೆ ಬರುವಾಗ ತಲೆ ತಗ್ಗಿಸಲೇಬೇಕು. ಹಾಗಾಗಿ ಪ್ರತಿ ಸಲವೂ ನಮ್ಮ ಬಾಗಿಲನ್ನು ಬೈದುಕೊಂಡೇ ಒಳಗೆ ಬರುತ್ತಾನೆ. ನಾನು ಆ ಬಾಗಿಲಲ್ಲಿ ಕೊಡೆ ಬಿಡಿಸಿಕೊಂಡು ಬರಬಲ್ಲೆ.

ನಮ್ಮ ಕಡೆ ಭಾವನಿಗೆ ತಮಾಷೆ ಮಾಡುವ ಹಕ್ಕಿದೆ. ಯಾರೂ ಬರೆದುಕೊಟ್ಟದ್ದಲ್ಲ, ಆದರೆ ಯಾವ ಕೋರ್ಟಿನಲ್ಲೂ ಅದನ್ನು ತಳ್ಳಿಹಾಕಲಿಕ್ಕಾಗುವುದಿಲ್ಲ. ಬೇರೆಯವರು ಅಂದರೆ ಜಗಳವಾಗುವ ಮಾತನ್ನು ಭಾವ ಅಂದರೆ ನಗಬೇಕು. ಸಿಟ್ಟು ಬಂದರೆ ತಪ್ಪು ಸಿಟ್ಟು ಬಂದವನದ್ದೇ. ಈ ಹಕ್ಕನ್ನು ಅವನು ನನ್ನ ಮದುವೆಯ ದಿನದಿಂದ ಬಡ್ಡಿ ಸಮೇತ ವಸೂಲಿ ಮಾಡುತ್ತಾ ಬಂದಿದ್ದ.

ದೇವರು ನನ್ನ ಎತ್ತರದಲ್ಲಿ ಉಳಿಸಿದ್ದನ್ನು ಗಂಟಲಿಗೆ ಹಾಕಿದ್ದಾನೆ. ಒಳ್ಳೆಯ ದನಿ ಎಂದು ಜನ ಮದುವೆ, ಸನ್ಮಾನ, ಶಾಲಾ ವಾರ್ಷಿಕೋತ್ಸವಗಳಿಗೆ ನಿರೂಪಣೆಗೆ ಕರೆಯುತ್ತಿದ್ದರು. ಜೀವಮಾನದಲ್ಲಿ ನಾನು ಹೆದರದೆ ಮಾಡುತ್ತಿದ್ದ ಒಂದೇ ಕೆಲಸ ಅದು. ಮೂಡುಬಿದಿರೆಯಲ್ಲಿ ಹೆಂಡತಿಯ ಕಡೆಯವರದ್ದೇ ಒಂದು ಆರತಕ್ಷತೆ. ಮೈಕಿನ ಸ್ಟ್ಯಾಂಡ್ ಎತ್ತರವಿತ್ತು. ಮೈಕಿನವನು ಇಳಿಸಲು ಬರುತ್ತಿದ್ದ. ಅಷ್ಟರಲ್ಲಿ ಭಾವ ವೇದಿಕೆ ಹತ್ತಿದ.

"ಮೈಕ್ ಯಾಕೆ ಇಳಿಸುದು ಮಾರಾಯ? ಭಾವನನ್ನೇ ಏರಿಸುವ!"

ಎರಡೂ ಕಂಕುಳಿಗೆ ಕೈಹಾಕಿ ನನ್ನನ್ನು ಎತ್ತಿ, ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಲ್ಲಿಸಿದ. ನನ್ನ ಕಾಲುಗಳು ಗಾಳಿಯಲ್ಲಿ ಸೈಕಲ್ ತುಳಿದವು ಎಂದು ವಿಡಿಯೋದಲ್ಲಿ ನೋಡಿದ ಮೇಲೆ ತಿಳಿಯಿತು. ಸಭಾಂಗಣ ಇಡೀ ನಕ್ಕಿತು. ನಾನೂ ನಕ್ಕೆ, ನಗದಿದ್ದರೆ ಇನ್ನೂ ನಗುತ್ತಾರೆ. ಮುಂದಿನ ಸಾಲಿನಲ್ಲಿ ಪಿಯುಸಿ ಓದುವ ನನ್ನ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಉಳಿದದ್ದೆಲ್ಲ ಮರೆತರೂ ಆ ಕೈಯನ್ನು ನಾನು ಮರೆಯುವವನಲ್ಲ.

ವಿಡಿಯೋ ಎಲ್ಲ ವಾಟ್ಸಪ್ ಗುಂಪುಗಳಿಗೂ ಹೋಯಿತು. ಅಂಗಡಿಗೆ ಬಂದವರು "ಕುರ್ಚಿ ಉಂಟಾ ಅಣ್ಣಾ?" ಎಂದು ಕೇಳಿ ಕೂತರು. ಅಲ್ಲಿಂದ ಮೈಕ್ ಹಿಡಿದರೆ ನನ್ನ ಗಂಟಲು ಕಟ್ಟತೊಡಗಿತು. ಹಲೋ ಎನ್ನುವಷ್ಟರಲ್ಲಿ ಕಾಲು ನೆಲ ಬಿಡುತ್ತದೆ ಎನಿಸುತ್ತಿತ್ತು. ಬಂದ ನಿರೂಪಣೆಗಳಿಗೆಲ್ಲ ಶೀತ, ಕೆಮ್ಮು ಎಂದು ಹೇಳಿ ತಪ್ಪಿಸಿಕೊಂಡೆ. ಆದರೆ ಬೆಳ್ತಂಗಡಿಯ ಸಭಾಂಗಣದಲ್ಲಿ ಭಾವನ ಮಗಳ ನಿಶ್ಚಿತಾರ್ಥ ನಿಗದಿಯಾಯಿತು. ಅದರ ನಿರೂಪಣೆಗೆ ಹೆಂಡತಿ ನನ್ನ ಪರವಾಗಿ ಒಪ್ಪಿಕೊಂಡೂ ಬಂದಳು.

"ಅಣ್ಣ ಎಷ್ಟು ಪ್ರೀತಿಯಲ್ಲಿ ಕೇಳಿದ ಗೊತ್ತುಂಟಾ? ಕುರ್ಚಿ ಈಗಲೇ ತೆಗೆದಿಡ್ತೇನೆ ಅಂದ."

ಇದನ್ನೆಲ್ಲ ನಾನು ಕನ್ನಡಕ ಮಾಡಿಸಲು ಬಂದ ಅಪರಿಚಿತ ಹೆಂಗಸಿಗೆ ಹೇಳಿಬಿಟ್ಟೆ. ಅವರು ನಗಲಿಲ್ಲ. ಹೋಗಲಿ ಬಿಡಿ ಎನ್ನಲಿಲ್ಲ. ನನ್ನ ಕೈ ಬಿಟ್ಟು, "ಆಯ್ತು. ಭಾನುವಾರ ಬನ್ನಿ. ಕೊಲ್ಲುವ" ಎಂದರು.

ಹೋದೆ. ಮೇಜಿನ ಸುತ್ತ ಇನ್ನಿಬ್ಬರಿದ್ದರು. ಉಜಿರೆಯ ಹಾಸ್ಟೆಲಿನಿಂದ ಬರುವ ಒಬ್ಬಳು ಕಾಲೇಜು ಹುಡುಗಿ. ಮಾತು ಮೆಲ್ಲಗೆ, ಆಟದಲ್ಲಿ ಮಾತ್ರ ಎರಡು ಕತ್ತಿ ಹಿಡಿದ ರಾಕ್ಷಸಿ. ಇನ್ನೊಬ್ಬರು ಗುರುವಾಯನಕೆರೆಯ ಬೇಕರಿಯವರು. ಬೇಕರಿಯಲ್ಲಿ ಚಿಲ್ಲರೆ ತಪ್ಪಿ ಹೆಚ್ಚು ಬಂದರೆ ಹಿಂದೆ ಓಡಿ ಬಂದು ಕೊಡುವ ಮನುಷ್ಯ, ಆಟದಲ್ಲಿ ಕಳ್ಳ.

"ನಾನು ಯೋಧ ಆಗ್ತೇನೆ," ಎಂದೆ. "ಏಳಡಿ ಎತ್ತರ. ಕೈಯಲ್ಲಿ ಕೊಡಲಿ."

"ಬೇಡ," ಎಂದರು ನರ್ಸಕ್ಕ. "ನೀನು ಗ್ನೋಮ್ ಆಗು." ಮೇಜಿಗೆ ಕೂತ ಮೇಲೆ ಅವರಲ್ಲಿ ‘ನೀವು’ ಇರುತ್ತಿರಲಿಲ್ಲ.

"ಅದೆಂತದು?"

"ನೆಲದಡಿ ಮನೆ ಮಾಡಿಕೊಂಡು ಇರುವವರು. ಮೂರಡಿ ಇರ್ತಾರೆ. ಬುದ್ಧಿ ಜಾಸ್ತಿ, ಮೂಗು ದೊಡ್ಡದು."

ನಾನು ಎದ್ದು ನಿಂತೆ. ಎದ್ದು ನಿಂತದ್ದು ಹೆಚ್ಚೇನೂ ಗೊತ್ತಾಗಲಿಲ್ಲ ಎಂಬುದು ಬೇರೆ ವಿಷಯ. "ಇಲ್ಲಿಯೂ ಗಿಡ್ಡನೇ ಆಗ್ಬೇಕಾದ್ರೆ ನನಗೆ ನಮ್ಮ ಮನೆಯೇ ಸಾಕು," ಎಂದೆ.

"ಕೂತ್ಕೊ ಮಾರಾಯ. ಏಳಡಿಯವ ಹೊಡೆದ್ರೆ ಅದರಲ್ಲಿ ಎಂತ ಉಂಟು? ದೊಡ್ಡವ ದೊಡ್ಡವನಿಗೆ ಹೊಡೆದ ಅಂತ ಆಯ್ತು, ಅಷ್ಟೆ. ಗಿಡ್ಡನಾಗಿಯೇ ಹೊಡೆದ್ರೆ ಪೆಟ್ಟು ತಿಂದವ ಯಾರ ಹತ್ರವೂ ಹೇಳ್ಲಿಕ್ಕಿಲ್ಲ. ಸೇಡು ಅಂದ್ರೆ ಅದು."

ಬೇಕರಿಯವರು ಪಫ್ಸಿನ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು. ಕೂತೆ.

ಒಂದು ಪಾತ್ರ ಕಟ್ಟುವುದೆಂದರೆ ಹುಡುಗಾಟವಲ್ಲ ಎಂದು ಆ ಮಧ್ಯಾಹ್ನ ಅರಿವಾಯಿತು. ಬಲಕ್ಕೆ, ಚುರುಕಿಗೆ, ತಾಳಿಕೆಗೆ, ಬುದ್ಧಿಗೆ, ಒಂದೊಂದಕ್ಕೂ ದಾಳ ಎಸೆದು ಬಂದ ಅಂಕೆಗಳನ್ನು ಹಂಚಬೇಕು. ನಾನು ಕನಿಷ್ಠ ಅಂಕೆಯನ್ನು ಬಲಕ್ಕೆ ಹಾಕಿ, ಗರಿಷ್ಠವನ್ನು ಬುದ್ಧಿಗೆ ಹಾಕಿದೆ. ಎರಡನೆಯ ದೊಡ್ಡ ಅಂಕೆಯನ್ನು ನರ್ಸಕ್ಕ ನನ್ನನ್ನು ಕೇಳದೆಯೇ ಇನ್ನೊಂದು ಗುಣಕ್ಕೆ ಬರೆದರು: ಬರುವ ಅಪಾಯ ಮೊದಲೇ ಗೊತ್ತಾಗುವುದು.

"ಎಲ್ಲಿ ಎಂತ ಹಾಳಾಗ್ಬಹುದು ಅಂತ ನಿನ್ನಷ್ಟು ಯೋಚನೆ ಮಾಡುವವ ಈ ತಾಲೂಕಿನಲ್ಲಿ ಇಲ್ಲ. ಮನೆಯಲ್ಲಿ ಅದಕ್ಕೆ ಹೆದರುಪುಕ್ಕ ಅಂತಾರೆ. ಇಲ್ಲಿ ಅದಕ್ಕೆ ಅಂಕ ಉಂಟು."

ನನ್ನ ಹೆದರಿಕೆಗೆ ಯಾರಾದರೂ ಅಂಕ ಕೊಟ್ಟದ್ದು ಅದೇ ಮೊದಲು.

ಆಮೇಲೆ ಮಂತ್ರಗಳು. ನನ್ನ ಗ್ನೋಮಿಗೆ ನರ್ಸಕ್ಕ ಕೊಟ್ಟ ಕಸುಬು ಮಂತ್ರವಾದಿಯದ್ದು. ಹೊಸ ಮಂತ್ರವಾದಿಗೆ ಸಿಗುವುದು ಸಣ್ಣಪುಟ್ಟದ್ದು. ನಾನು ಒಂದೊಂದನ್ನೂ ಭಾವನನ್ನು ಕಣ್ಣೆದುರು ನಿಲ್ಲಿಸಿಕೊಂಡೇ ಆರಿಸಿದೆ. ನೆಲಕ್ಕೆ ಎಣ್ಣೆ ಚೆಲ್ಲಿ ಜಾರಿಸುವುದು. ಇಲ್ಲದ ಕಡೆಯಿಂದ ದನಿ ಬರಿಸುವುದು. ಎದುರಿಗಿದ್ದವನು ತಡೆಯಲಾರದೆ ನಕ್ಕು ನಕ್ಕು ನೆಲಕ್ಕೆ ಬೀಳುವಂತೆ ಮಾಡುವುದು. ಆ ಕೊನೆಯದನ್ನು ಆರಿಸುವಾಗ ನನ್ನ ಕೈ ಬಿಸಿಯಾಗಿತ್ತು. ಆಟದ ನಿಯಮಗಳ ಪುಸ್ತಕದ ಹಿಂದಿನ ಪುಟಗಳಲ್ಲಿ ಇನ್ನೊಂದು ಕಂಡಿತು: ಎದುರಾಳಿಯನ್ನು ಯಾವುದಾದರೊಂದು ಪ್ರಾಣಿ ಮಾಡಿಬಿಡುವುದು. ಕೋಳಿಯನ್ನೂ ಮಾಡಬಹುದು. ಅದು ಹೊಸಬರಿಗೆ ಸಿಗುವುದಿಲ್ಲ, ಆಡಿ ಆಡಿ ಮೇಲೆ ಬರಬೇಕು ಎಂದರು ನರ್ಸಕ್ಕ.

"ಹೆಸರು?"

ನಾನು ವೀರ, ಭೈರವ ಎಂದೆಲ್ಲ ತಡಕಾಡಿದೆ. ಅವರು "ಸೂಜಿಮೆಣಸು" ಎಂದು ಬರೆದೇಬಿಟ್ಟರು. ಉಗುರಿನಷ್ಟು ಉದ್ದದ ಮೆಣಸು. ಕಚ್ಚಿದವನಿಗೆ ನೀರು ಕುಡಿದರೂ ಇಳಿಯುವುದಿಲ್ಲ.

"ಇನ್ನು ಒಂದು ಕುಂದು ಬೇಕು."

"ಗಿಡ್ಡ ಅಲ್ವಾ?"

"ಅದು ಕುಂದು ಅಲ್ಲ, ಅಳತೆ." ಸ್ವಲ್ಪ ಯೋಚಿಸಿ ಬರೆದರು. ಕನ್ನಡಕ ತೆಗೆದು ಓದಿದೆ: ‘ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲ.’

ಸೇಡಿನ ವಿಷಯದಲ್ಲಿ ನರ್ಸಕ್ಕನದ್ದು ಖಚಿತವಾದ ಅಭಿಪ್ರಾಯ. ಕ್ಷಮಿಸುವುದು ದೊಡ್ಡ ಗುಣ ಎಂದು ಹೇಳುವವರನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. "ಅದು ಮದ್ದಿನ ಹಾಗೆ ಮಾರಾಯ. ಡೋಸ್ ಹೆಚ್ಚಾದ್ರೆ ಮಾತ್ರ ತೊಂದರೆ. ಡೋಸ್ ನಾನು ಹೇಳ್ತೇನೆ, ನೀನು ತಗೊ" ಎನ್ನುತ್ತಿದ್ದರು. ಮಸ್ಕತ್ತಿನಲ್ಲಿ ಒಬ್ಬ ದೊಡ್ಡ ಡಾಕ್ಟರು ತನ್ನ ಕೈಯಲ್ಲಾದ ತಪ್ಪನ್ನು ರೋಗಿಯ ಮನೆಯವರ ಎದುರೇ ಇವರ ತಲೆಗೆ ಕಟ್ಟಿದನಂತೆ. ಇವರು ಎದುರಾಡಲಿಲ್ಲ; ಎದುರಾಡಿದರೆ ವೀಸಾ ಹೋಗುತ್ತಿತ್ತು. ಮುಂದಿನ ಶುಕ್ರವಾರದ ಆಟಕ್ಕೆ ಬಿಳಿ ಕೋಟಿನ ಒಂದು ಪಿಶಾಚಿ ಬಂತು. ಫಿಲಿಪ್ಪೀನಿನ ಹುಡುಗಿಯರೆಲ್ಲ ಸೇರಿ ಅದನ್ನು ಕೊಂದರು. ಅದು ಪ್ರತಿ ಶುಕ್ರವಾರ ಎದ್ದು ಬರುತ್ತಿತ್ತು, ಇವರು ಪ್ರತಿ ಶುಕ್ರವಾರ ಕೊಲ್ಲುತ್ತಿದ್ದರು. ವರ್ಷಗಟ್ಟಲೆ.

"ಆತ ರಿಟೈರ್ ಆಗುವಾಗ ಹಾರ ಹಾಕಿದ್ದು ನಾನೇ. ಕೈ ಒಂಚೂರು ನಡುಗಲಿಲ್ಲ. ಅಷ್ಟು ಸಲ ಕೊಂದ ಮೇಲೆ ಒಂಥರಾ ಪ್ರೀತಿಯೂ ಬರ್ತದೆ."

ಈಗ ಬಸ್ಸಿನ ವಿಷಯ. ನಿಶ್ಚಿತಾರ್ಥ ಹತ್ತಿರ ಬರುತ್ತಿತ್ತು, ನನ್ನ ಸೂಜಿಮೆಣಸು ಇನ್ನೂ ಎಣ್ಣೆ ಚೆಲ್ಲುವುದರಲ್ಲೇ ಇದ್ದ. ತಡೆಯದೆ ಬಸ್ಸಿನಿಂದಲೇ ಫೋನ್ ಮಾಡಿದೆ. ಬಸ್ಸಿನ ಸದ್ದಿಗೆ ನನ್ನ ನಿರೂಪಣೆಯ ದನಿಯೇ ಬೇಕಾಯಿತು.

"ನರ್ಸಕ್ಕ, ಆ ಕೋಳಿಯ ಮಂತ್ರ ಈ ವಾರ ಆಗ್ತದಾ? ... ಹೌದು, ಎತ್ತರದವನಿಗೇ. ನಾರಾವಿಯವನಿಗೆ ... ಇಲ್ಲ ಇಲ್ಲ, ನಿಶ್ಚಿತಾರ್ಥದ ಮೊದಲೇ ಆಗ್ಬೇಕು ... ಗೊಂಬೆ ಮಾಡಿ ಆಯ್ತಾ? ಸೂಜಿ ಚುಚ್ಚಿದ್ರಾ? ಹಾಂ, ಹಾಂ. ಭಾನುವಾರ ಮುಗಿಸುವ."

ಗೊಂಬೆಯ ವಿಷಯ ಇಷ್ಟೇ. ಆಟದ ಮೇಜಿನಲ್ಲಿ ಪಾತ್ರಗಳಿಗೆಲ್ಲ ಬೆರಳುದ್ದದ ಗೊಂಬೆಗಳಿರುತ್ತವೆ. ನನ್ನ ಭಾವನ ಬದಲಿಗೆಂದು ನರ್ಸಕ್ಕ ಜೇಡಿಮಣ್ಣಿನಲ್ಲಿ ಒಬ್ಬ ದೈತ್ಯನನ್ನು ಮಾಡುತ್ತಿದ್ದರು. ಅವನ ಕೈಗೆ ಈಟಿ ಬೇಕಿತ್ತು. ಹಳೆಯ ಇಂಜೆಕ್ಷನ್ ಸೂಜಿ ಇತ್ತು.

ನನ್ನ ಹಿಂದಿನ ಸೀಟಿನಲ್ಲಿ ನಾರಾವಿಯ ಹೆಂಗಸೊಬ್ಬರು ಕೂತಿದ್ದರು. ಮಂತ್ರ, ಕೋಳಿ, ಗೊಂಬೆ, ಸೂಜಿ: ನಮ್ಮೂರಿನಲ್ಲಿ ಈ ನಾಲ್ಕು ಶಬ್ದಗಳನ್ನು ಒಟ್ಟಿಗೆ ಕೇಳಿದವರಿಗೆ ಐದನೆಯದ್ದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಂಟ್ವಾಳದ ಕನ್ನಡಕದವನು ಭಾವನಿಗೆ ಮಾಟ ಮಾಡಿಸುತ್ತಿದ್ದಾನೆ, ಗುರುವಾಯನಕೆರೆಯಲ್ಲಿ ಮಸ್ಕತ್ತಿನಿಂದ ಕಲಿತು ಬಂದ ಒಬ್ಬ ಹೆಂಗಸಿದ್ದಾಳೆ ಎಂಬ ಸುದ್ದಿ ಬಸ್ಸಿಗಿಂತ ಮೊದಲೇ ನಾರಾವಿ ಸೇರಿತು.

ನನಗೆ ಇದೊಂದೂ ಗೊತ್ತಿಲ್ಲ. ಒಂದು ದಿನ ಭಾವ ಅಂಗಡಿಗೆ ಬಂದ. ಬೈಯದೆ ಬಾಗಿಲು ದಾಟಿದ. ನಾನು ಕೂರಿಸುವ ಮೊದಲೇ, ಗಿರಾಕಿಗಳ ಮಕ್ಕಳಿಗೆಂದು ಇಟ್ಟ ಪುಟ್ಟ ಸ್ಟೂಲನ್ನು ಎಳೆದುಕೊಂಡು ನನಗಿಂತ ತಗ್ಗಿನಲ್ಲಿ ಕೂತ.

"ಭಾವ, ನಿಮಗೆ ನನ್ನ ಮೇಲೆ ಬೇಸರ ಎಂತಾದ್ರೂ ಉಂಟಾ?"

ನಾವು ಮಾತಾಡುವುದು ತುಳುವಿನಲ್ಲಿ. ಇಷ್ಟು ವರ್ಷ ‘ಈ’ ಎಂದು ಕರೆಯುತ್ತಿದ್ದವನು ಅಂದು ‘ಈರ್’ ಎಂದ. ನೀನು ಹೋಗಿ ನೀವು ಬಂದಿತ್ತು. ನನಗೆ ಹೆದರಿಕೆಯಾಯಿತು, ಇವನಿಗೆ ಏನೋ ದೊಡ್ಡ ಕಾಯಿಲೆ ಎಂದು. ಅವನೇ ಒಂದೊಂದಾಗಿ ಹೇಳಿದ. ಮೆಷಿನ್ ಕೆಸರಿನಲ್ಲಿ ಹೂತು ಹೋಗಿದೆ. ಬೆನ್ನು ಹಿಡಿದುಕೊಂಡಿದೆ. ಮನೆಯ ಕೋಳಿಗಳನ್ನು ಮುಂಗುಸಿ ಹಿಡಿಯುತ್ತಿದೆ. ಕೋಳಿ ಎನ್ನುವಾಗ ಅವನ ದನಿ ಇಳಿಯಿತು. "ನೀವು ಭಾನುವಾರ ಗುರುವಾಯನಕೆರೆಗೆ ಹೋಗ್ತೀರಂತೆ..."

ಆಗ ನನಗೆ ಬಸ್ಸು ನೆನಪಾಯಿತು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಕೈಯಲ್ಲಿದ್ದ ಕನ್ನಡಕದ ತಿರುಪನ್ನು ನಿಧಾನವಾಗಿ ಬಿಗಿಮಾಡಿ, "ಹ್ಮ್," ಎಂದೆ. ಅಷ್ಟು ರುಚಿಯಾದ ‘ಹ್ಮ್’ ನನ್ನ ಜನ್ಮದಲ್ಲಿ ಬಂದಿಲ್ಲ.

ಓಡಿಹೋಗಿ ನರ್ಸಕ್ಕನಿಗೆ ಹೇಳಿದೆ. ಹೇಳುತ್ತಾ ಹೇಳುತ್ತಾ ಚಿಂತೆ ಶುರುವಾಯಿತು. ಅವರ ಮನೆಗೆ ಬಿಪಿ ನೋಡಿಸಲು ಬರುವ ನೆರೆಯವರು ಈಗ ಅವರನ್ನೇ ಮಾಟಗಾತಿ ಎಂದರೆ?

"ಅಂತಾ ಇದ್ದಾರೆ," ಎಂದರು ಅವರು, ಚಾ ಸೋಸುತ್ತಾ. "ಬಿಪಿಗೆ ಬರುವವರು ಕಡಿಮೆ ಆದ್ರು, ಸುಖ. ಬಸ್ಸಿನಲ್ಲಿ ಸೀಟ್ ಬಿಟ್ಟುಕೊಡ್ತಾರೆ. ಮಸ್ಕತ್ತಿನಲ್ಲಿ ಇಷ್ಟು ವರ್ಷ ಸೇವೆ ಮಾಡಿ ಬಂದದ್ದಕ್ಕೆ ಸಿಗದ ಮರ್ಯಾದೆ." ಲೋಟ ನನ್ನ ಮುಂದಿಟ್ಟರು. "ಅವನು ಬರ್ತಾನೆ ನೋಡು. ಬಂದ್ರೆ ನೀನು ಬಾಯಿ ತೆರೀಬೇಡ."

ಮುಂದಿನ ಭಾನುವಾರವೇ ಬಂದ. ಬಿಳಿ ಪಂಚೆ, ಹೆಗಲಿಗೆ ಶಾಲು, ಕೈಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ಚಪ್ಪಲಿಯನ್ನು ಕೆಳಗಿನ ಮೆಟ್ಟಿಲಿನಲ್ಲೇ ಬಿಟ್ಟಿದ್ದ. ಒಳಗೆ ಅವನಿಗೆ ಕಂಡದ್ದನ್ನು ಅವನ ಕಣ್ಣಿನಿಂದ ಹೇಳುತ್ತೇನೆ: ಮೇಜಿನ ಮೇಲೆ ಚೌಕುಳಿ ಗೆರೆಯ ದೊಡ್ಡ ಮಂಡಲ. ಅದರ ಮೇಲೆ ಜೋಯಿಸರ ಕವಡೆಗಳ ಹಾಗೆ ಚೆಲ್ಲಿದ ದಾಳಗಳು. ನಟ್ಟನಡುವೆ ಒಂದು ಎತ್ತರದ ಗೊಂಬೆ, ಅದಕ್ಕೆ ಸೂಜಿ. ಉಜಿರೆಯ ಹುಡುಗಿ ನಗು ತಡೆಯಲಾರದೆ ಎದ್ದು ಬಾಲ್ಕನಿಗೆ ಹೋದಳು. ಭಾವ ಅವಳನ್ನು ಮರುಕದಿಂದ ನೋಡಿ, "ಇಷ್ಟು ಸಣ್ಣ ಪ್ರಾಯದಲ್ಲಿ ಅವಳಿಗೆ ಎಂತ ದೋಷವೋ," ಎಂದು ಬೇಕರಿಯವರ ಕಿವಿಯಲ್ಲಿ ಪಿಸುಗುಟ್ಟಿದ. ಬೇಕರಿಯವರು ಗಂಭೀರವಾಗಿ ತಲೆಯಾಡಿಸಿದರು.

"ಅಕ್ಕಾ, ನನ್ನಿಂದ ಎಂತ ತಪ್ಪಾಗಿದೆ ಅಂತ ಪ್ರಶ್ನೆ ಇಟ್ಟು ನೋಡ್ಬೇಕು."

"ತಪ್ಪು ನೀವೇ ಹೇಳಿ," ಎಂದರು ನರ್ಸಕ್ಕ.

"ನಾಗನ ಕಟ್ಟೆಯ ಹತ್ರ ಮಣ್ಣು ತೆಗ್ದಿದ್ದೆ..."

"ಅದಲ್ಲ."

"ತಮ್ಮನ ಜಾಗದ ಬೇಲಿ ಸ್ವಲ್ಪ ಆಚೆ..."

"ಅದೂ ಅಲ್ಲ. ಅದನ್ನು ನಾಳೆಯೇ ಸರಿ ಮಾಡಿ. ಬೇರೆ?"

ಭಾವ ಯೋಚಿಸಿದ. ನಿಜವಾಗಿ ಯೋಚಿಸಿದ, ಹಣೆಯಲ್ಲಿ ಬೆವರು ಬರುವಷ್ಟು. ಅವನಿಗೆ ನೆನಪಾಗಲಿಲ್ಲ. ನಾನು ಊಟ ನಿದ್ದೆ ಬಿಟ್ಟು ಸಾಕಿದ ಅವಮಾನ ಅವನ ತಲೆಯಲ್ಲಿ ಇರಲೇ ಇಲ್ಲ. ಕುರ್ಚಿಗಿಂತ ಹೆಚ್ಚು ಉರಿದದ್ದು ನನಗೆ ಅದು. ನರ್ಸಕ್ಕ ಮೇಜಿನಡಿಯಲ್ಲಿ ನನ್ನ ಮಣಿಕಟ್ಟು ಹಿಡಿದರು.

"ಮೂಡುಬಿದಿರೆಯಲ್ಲಿ ಎಂತ ಎತ್ತಿದ್ರಿ?"

"ಎತ್ತಿದ್ದಾ? ಕುರ್ಚಿ..."

"ಕುರ್ಚಿಯ ಮೇಲೆ ಎಂತ ಇಟ್ರಿ?"

"ಭಾವನನ್ನು... ಅಯ್ಯೋ, ಅದು ತಮಾಷೆಗೆ ಅಕ್ಕಾ!"

"ಒಬ್ಬ ಮನುಷ್ಯನ ಕಾಲಿನಡಿಯ ನೆಲವನ್ನು ಅವನನ್ನು ಕೇಳದೆ ತೆಗೆದ್ರಿ. ಬೀಳ್ತೇನೋ ಅಂತ ಅವನಿಗೆ ಇವತ್ತಿಗೂ ಆಗ್ತದೆ. ಮಾತು ನಿಂತು ಹೋಗಿದೆ."

ಭಾವ ನನ್ನ ಕಡೆ ನೋಡಿದ. ನಾನು ದಾಳಗಳನ್ನು ನೋಡಿದೆ.

"ಪರಿಹಾರ?"

"ನಿಶ್ಚಿತಾರ್ಥಕ್ಕೆ ಸ್ಟ್ಯಾಂಡ್ ಬೇಡ. ಮೈಕ್ ನೀವೇ ಹಿಡೀಬೇಕು, ಇವನ ಬಾಯಿಯ ಎತ್ತರಕ್ಕೆ. ಇವನು ನಿಲ್ಲಿಸುವ ತನಕ. ಮತ್ತೆ ಪ್ರತಿ ಭಾನುವಾರ ಇಲ್ಲಿ ಬಂದು ಕೂರಬೇಕು. ಇವರ ಹಾಗೆ."

"ಎಷ್ಟು ವಾರ?"

"ಮುಗಿಯುವ ತನಕ. ಮುಗಿದಾಗ ನಾನು ಹೇಳ್ತೇನೆ."

ರೋಗಿಗೆ ಸುಳ್ಳು ಹೇಳಬಾರದು, ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು ಎಂಬುದು ಅವರ ನಿಯಮ. ಅಂದು ಅವರ ಬಾಯಿಂದ ಬಂದದ್ದರಲ್ಲಿ ಒಂದೂ ಸುಳ್ಳಿಲ್ಲ. ನಾನು ಎಷ್ಟೋ ಸಲ ಮೆಲುಕುಹಾಕಿ ನೋಡಿದ್ದೇನೆ. ಅವನನ್ನು ಕೂರಿಸಿ ಹೊಸ ಪಾತ್ರ ಕಟ್ಟತೊಡಗಿದರು. ಹೆಸರು ಎಂದು ಕೇಳಿದ್ದಕ್ಕೆ ಅವನು ತನ್ನ ಹೆಸರನ್ನೂ ಜನ್ಮನಕ್ಷತ್ರವನ್ನೂ ಕೊಟ್ಟ. ಎತ್ತರ ಎಂಬಲ್ಲಿ ನರ್ಸಕ್ಕ ನನ್ನ ಮುಖ ನೋಡಿದರು. "ಮೂರಡಿ," ಎಂದೆ. ಬರೆದರು.

ನಿಶ್ಚಿತಾರ್ಥದ ದಿನ ಬೆಳ್ತಂಗಡಿಯ ಸಭಾಂಗಣದಲ್ಲಿ ನಾನು ವೇದಿಕೆಯ ಅಂಚಿನಲ್ಲಿ, ಗಟ್ಟಿ ನೆಲದ ಮೇಲೆ, ಎರಡೂ ಪಾದ ಊರಿ ನಿಂತೆ. ಪಕ್ಕದಲ್ಲಿ ಭಾವ, ವಧುವಿನ ತಂದೆ, ರೇಷ್ಮೆ ಶಾಲು ಹೊದ್ದು, ಸೊಂಟ ಬಗ್ಗಿಸಿ, ಹಿಡಿದುಕೊಂಡ ಬೆನ್ನನ್ನು ಹಲ್ಲು ಕಚ್ಚಿ ತಡೆದುಕೊಂಡು, ನನ್ನ ಬಾಯಿಗೆ ಮೈಕ್ ಹಿಡಿದಿದ್ದ. ಮೊದಲ ಶಬ್ದಕ್ಕೆ ಗಂಟಲು ಕಟ್ಟಿತು. ಬಗ್ಗಿದ ಭಾವನ ಕಿವಿ ನನ್ನ ಭುಜದ ಹತ್ತಿರ ಕಂಡಿತು. ಅಷ್ಟು ಕೆಳಗೆ ಅವನ ಕಿವಿಯನ್ನು ನಾನು ಯಾವತ್ತೂ ನೋಡಿರಲಿಲ್ಲ. ದನಿ ಬಂತು.

ಬಂದದ್ದು ನಿಲ್ಲಲಿಲ್ಲ. ಎರಡೂ ಕಡೆಯ ಹಿರಿಯರನ್ನು ಸ್ವಾಗತಿಸಿದೆ, ಕಿರಿಯರನ್ನು ಸ್ವಾಗತಿಸಿದೆ. ಅಡುಗೆಯವರನ್ನು, ಶಾಮಿಯಾನದವರನ್ನು, ಹೊರಗೆ ವಾಹನ ನಿಲ್ಲಿಸಲು ಜಾಗ ತೋರಿಸುವವನನ್ನು ಹೆಸರು ಹಿಡಿದು ಸ್ವಾಗತಿಸಿದೆ. ಮದುವೆ ಎಂಬ ಸಂಸ್ಥೆಯ ಬಗ್ಗೆ ನಾಲ್ಕು ಮಾತಾಡಿದೆ. ಭಾವ ಬಗ್ಗಿಯೇ ಇದ್ದ. ಜನ ನಕ್ಕರು. ಮಗಳೂ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿಯದೆ, ಮಾವನನ್ನು ನೋಡಿ. ಭಾವನೇ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದ ನರ್ಸಕ್ಕ ಸಾಕು ಎಂದು ಕೈ ಮಾಡಿದರು. ನಾನು ಕಾಣದವನ ಹಾಗೆ ವಂದನಾರ್ಪಣೆ ಮಾಡಿದೆ. ಯಾರನ್ನಾದರೂ ಬಿಟ್ಟಿದ್ದರೆ ಎಂದು ಮತ್ತೊಮ್ಮೆ ಮಾಡಿದೆ.

"ಎರಡನೇ ವಂದನಾರ್ಪಣೆ ಓವರ್‌ಡೋಸ್," ಎಂದರು ನರ್ಸಕ್ಕ ಊಟದ ಸಾಲಿನಲ್ಲಿ. ಆದರೆ ಅವರ ಎಲೆಯಲ್ಲಿ ಹೋಳಿಗೆ ಎರಡಿತ್ತು. ಸಕ್ಕರೆ ಕಾಯಿಲೆ ಇದ್ದ ಅವರು ಹಬ್ಬ ಎನಿಸಿದ ದಿನ ಮಾತ್ರ ಹಾಗೆ ಮಾಡುತ್ತಿದ್ದರು.

ಆಮೇಲೆ ಎಷ್ಟೋ ಭಾನುವಾರಗಳು. ಭಾವ ತಪ್ಪಿಸಿದ್ದಿಲ್ಲ. ಅವನ ಮೂರಡಿಯ ಮನುಷ್ಯ ಹೊಂಡಗಳಿಗೆ ಬಿದ್ದ, ನದಿಯಲ್ಲಿ ಕೊಚ್ಚಿಹೋದ, ಇಲಿಗಳಿಗೆ ಹೆದರಿ ಓಡಿದ. ಸೂಜಿಮೆಣಸು ಕೊನೆಗೂ ದೊಡ್ಡ ಮಂತ್ರ ಕಲಿತು ಅವನನ್ನು ಕೋಳಿ ಮಾಡಿದ. "ಕೂಗ್ಬೇಕಾ?" ಎಂದು ಭಾವ ಕೇಳಿದ. "ಹೌದು," ಎಂದೆ. ಕೂಗಿದ, ಕಣ್ಣು ಮುಚ್ಚಿ, ಭಕ್ತಿಯಿಂದ. ಅವನ ಬೆನ್ನುನೋವು ಹೋಯಿತು, ಮೆಷಿನ್ ಕೆಸರಿನಿಂದ ಮೇಲೆ ಬಂತು, ತಮ್ಮನ ಬೇಲಿ ಹಿಂದಿನ ಜಾಗಕ್ಕೆ ಬಂತು. ಪರಿಹಾರ ಹಿಡಿಯುತ್ತಿದೆ ಎಂದು ಅವನಿಗೆ ನಂಬಿಕೆ ಬಲವಾಯಿತು. ನನಗೆ ನಿರೂಪಣೆಗಳು ಮತ್ತೆ ಬರತೊಡಗಿದವು. ಸಿಟ್ಟು ಬಿಡು ಎಂದು ನನಗೆ ಒಮ್ಮೆಯೂ ಹೇಳದಿದ್ದವರು ನರ್ಸಕ್ಕ ಒಬ್ಬರೇ. ಹೆಂಡತಿ ಹೇಳಿದ್ದಳು, ಡಾಕ್ಟರು ಹೇಳಿದ್ದರು, ಕ್ಯಾಲೆಂಡರು ಹೇಳಿತ್ತು. ಇವರು ಅದಕ್ಕೊಂದು ಮೇಜು ಹಾಕಿಕೊಟ್ಟು, ವಾರಕ್ಕೊಮ್ಮೆ ಬಂದು ಉಪಯೋಗಿಸು ಎಂದರು. ಆ ಋಣ ನಾನು ತೀರಿಸುವಂಥದ್ದಲ್ಲ.

ಒಂದು ಗುರುವಾರ ಬೆಳಿಗ್ಗೆ ಅವರ ಅಣ್ಣನ ಮಗ ಫೋನ್ ಮಾಡಿದ. ನಿದ್ದೆಯಲ್ಲೇ ಹೋಗಿದ್ದರು. ಅವರಿಗೆ ಏನೇನು ಆಗಬಹುದೆಂದು ನಾನು ಮೊದಲೇ ಚಿಂತಿಸಿಟ್ಟಿದ್ದರಲ್ಲಿ ಇದು ಇರಲಿಲ್ಲ. ಬಿದ್ದು ಸೊಂಟ ಮುರಿಯುವುದನ್ನು, ಕಣ್ಣು ಹೋಗುವುದನ್ನು, ಮಸ್ಕತ್ತಿಗೆ ಮರಳಿ ಹೋಗಿಬಿಡುವುದನ್ನು ಕೂಡ ಯೋಚಿಸಿದ್ದೆ. ಹೆಣ ಎತ್ತುವಾಗ ಮುಂದಿನ ಕೊನೆಗೆ ಭಾವ ಹೆಗಲು ಕೊಟ್ಟ. ಅವನ ಎತ್ತರಕ್ಕೆ ಚಟ್ಟ ಓರೆಯಾಗುತ್ತದೆಂದು, ಸ್ಮಶಾನದ ತನಕವೂ ಮೊಣಕಾಲು ಮಡಚಿಕೊಂಡೇ ನಡೆದ. ಯಾರೂ ಅವನಿಗೆ ಹಾಗೆ ಮಾಡು ಎಂದಿರಲಿಲ್ಲ. ಉಜಿರೆಯ ಹುಡುಗಿ, ಬೇಕರಿಯವರು ಗೇಟಿನ ಹತ್ತಿರ ನಿಂತು ಅಳುತ್ತಿದ್ದರು.

ಎಲ್ಲ ಮುಗಿದು ನಾನು ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದೆ. ಭಾವ ಬಂದು ಪಕ್ಕದಲ್ಲಿ ನಿಂತ. ಕಣ್ಣು ಕೆಂಪಾಗಿತ್ತು.

"ಭಾವ, ಅಕ್ಕ ಹೋದ್ರು."

"ಹೌದು."

"ನನ್ನದು ಮುಗಿದಿದೆ ಅಂತ ಅವರು ಹೇಳ್ಲೇ ಇಲ್ಲ. ಇನ್ನು ಅದನ್ನು ಯಾರು ಹೇಳುದು?"

ನೀರು ನಿಲ್ಲಿಸಿದೆ. ‘ಭಾವ, ಅದು ಬರೀ ಆಟ’ ಎನ್ನಬಹುದಿತ್ತು. ಇನ್ನು ಮುಂದಿನ ಭಾನುವಾರಗಳೆಲ್ಲ ಅವನಿಗೆ ವಾಪಸು ಸಿಗುತ್ತಿದ್ದವು. ಆಟದ ಕೋಣೆಯ ಬೀಗದ ಕೈಯನ್ನು ಅಣ್ಣನ ಮಗ ಬೆಳಿಗ್ಗೆಯೇ ನನಗೆ ಕೊಟ್ಟಿದ್ದ. ‘ನನ್ನ ನಂತರ ಕತೆ ನಡೆಸುವವರು ನೀವೇ ಅಂತ ಅತ್ತೆ ಮೊದಲೇ ಹೇಳಿಟ್ಟಿದ್ರು’ ಎಂದಿದ್ದ. ನಾನು ಬಾಯಿ ತೆರೆದೆ. ಕೇಳಿಸಿಕೊಳ್ಳಲು ಭಾವ ಬಗ್ಗಿದ.

"ಮುಗಿಲಿಲ್ಲ," ಎಂದೆ. "ಭಾನುವಾರ ಬನ್ನಿ."